ಶತಾವಧಾನವನ್ನು ಬಿಟ್ಟ ಶ್ರಾವಕ

ಭರತ-ಬಾಹುಬಲಿಯರ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಕಲಹಕ್ಕಾಗಿ ಸೈನಿಕರು ಸಾಯುವುದು ತರವಲ್ಲವೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಈ ಮೂರರಲ್ಲೇ ಸೋಲುಗೆಲವು ತೀರ್ಮಾನವಾಗಲೆಂದು ಗೊತ್ತುಮಾಡಿದರು. ಮೂರರಲ್ಲಿಯೂ ಬಾಹುಬಲಿಯದೇ ಮೇಲುಗೈ. ಕೊನೆಯ ಕಾಳಗದಲ್ಲಿ ಅಣ್ಣನನ್ನು ಎತ್ತಿಹಿಡಿದ ಆತ ನೆಲಕ್ಕೆ ಅಪ್ಪಳಿಸಲಿಲ್ಲ; ಮೆಲ್ಲನೆ ಇಳಿಸಿದ. ಶ್ವೇತಾಂಬರ ಪರಂಪರೆ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. ಅಣ್ಣನ ಮೇಲೆ ಎತ್ತಿದ ಮುಷ್ಟಿಯನ್ನು ಅರ್ಧದಲ್ಲಿ ತಡೆದು, ಅದೇ ಕೈಯಿಂದ ತನ್ನ ತಲೆಗೂದಲನ್ನು ಕಿತ್ತುಕೊಂಡು ಆತ ಮುನಿಯಾದನೆಂದು. ಹೇಗೆ ಹೇಳಿದರೂ ಕಥೆಯ ಜೀವ ಒಂದೇ. ಗೆಲ್ಲಬಲ್ಲ ತೋಳು ಅಲ್ಲಿ ತನ್ನನ್ನು ತಾನೇ ತಡೆದುಕೊಂಡಿತು.

ತೋಳ್ಬಲಕ್ಕೆ ಇಂಥದೊಂದು ಎಲ್ಲೆ ಇರಬೇಕೆಂಬುದನ್ನು ಲೋಕವೆಲ್ಲ ಒಪ್ಪುತ್ತದೆ. ಗರಡಿಯ ಜಟ್ಟಿ ಬಡಕಲು ಮನುಷ್ಯನೊಬ್ಬನ ಮೇಲೆ ಕೈಮಾಡಿದರೆ ಊರೇ ಛೀಮಾರಿ ಹಾಕುತ್ತದೆ. ಆದರೆ ಚುರುಕುಬುದ್ಧಿಯವನೊಬ್ಬ ಸಾಧು ಮನುಷ್ಯನನ್ನು ಲೆಕ್ಕದಲ್ಲಿ, ಮಾತಿನಲ್ಲಿ, ಕರಾರಿನಲ್ಲಿ ಕೆಡವಿದರೆ ಅದೇ ಊರು ಅವನನ್ನು ಜಾಣನೆಂದು ಹೊಗಳುತ್ತದೆ. ಹೊಡೆತದ ಬಾಸುಂಡೆ ಎಲ್ಲರ ಕಣ್ಣಿಗೆ ಬೀಳುತ್ತದೆ; ಬುದ್ಧಿಯ ಪೆಟ್ಟು ತಿಂದವನು ಮನೆಗೆ ಹೋಗಿ ಕತ್ತಲಲ್ಲಿ ಕುಳಿತಾಗ ಅವನಿಗೊಬ್ಬನಿಗೇ ಗೊತ್ತಾಗುತ್ತದೆ. ಎರಡೂ ಹುಟ್ಟಿನೊಡನೆ ಬಂದ ಬಲಗಳೇ. ಹಾಗಿರುವಾಗ ಒಂದಕ್ಕೆ ಮಾತ್ರ ಎಲ್ಲೆಯೇಕೆ?

ಈ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಎತ್ತದೆ ತನ್ನ ಬದುಕಿನಲ್ಲಿ ಎದುರಿಸಿದವರು ಶ್ರೀಮದ್ ರಾಜಚಂದ್ರರು. ಮಹಾತ್ಮ ಗಾಂಧಿಯವರ ಬಾಳಿನ ಮೇಲೆ ಗಾಢ ಪ್ರಭಾವ ಬೀರಿದ ಜೈನ ಗೃಹಸ್ಥರೆಂದು ಅವರ ಹೆಸರು ಬಹಳ ಜನರಿಗೆ ಗೊತ್ತು. ಆದರೆ ಗಾಂಧೀಜಿ ಕಾಣುವುದಕ್ಕೆ ಮೊದಲೇ ಅವರು ಏನನ್ನು ಗೆದ್ದಿದ್ದರು, ಏನನ್ನು ಬಿಟ್ಟಿದ್ದರು ಎಂಬುದು ಅಷ್ಟಾಗಿ ಪರಿಚಿತವಲ್ಲ.

1867ರ ಕಾರ್ತಿಕ ಪೂರ್ಣಿಮೆಯಂದು, ಸೌರಾಷ್ಟ್ರದ ಮೋರ್ಬಿ ಸೀಮೆಯ ವವಾಣಿಯಾ ಎಂಬ ಊರಿನಲ್ಲಿ ಅವರ ಜನನ. ತಂದೆ ರವಜಿಭಾಯಿ ಮೆಹತಾ, ತಾಯಿ ದೇವಬಾಯಿ. ಮೊದಲು ಇಟ್ಟ ಹೆಸರು ಲಕ್ಷ್ಮೀನಂದನ. ನಾಲ್ಕನೆಯ ವಯಸ್ಸಿನಲ್ಲಿ ಅದು ರಾಯಚಂದ ಎಂದಾಯಿತು. ಅಜ್ಜ ಕೃಷ್ಣಭಕ್ತರು, ತಾಯಿ ಜೈನ ಮನೆತನದವರು. ಅಜ್ಜನ ಬಾಯಿಂದ ಕೃಷ್ಣನ ಪದಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ ಮುಂದೆ ಪ್ರತಿಕ್ರಮಣ ಸೂತ್ರದ ಪುಸ್ತಕ ದೊರೆಯಿತು. ಜಗತ್ತಿನ ಸಕಲ ಜೀವಗಳಲ್ಲಿಯೂ ಮೈತ್ರಿಯನ್ನು ಬೇಡುವ, ವಿನಯದಿಂದ ತುಂಬಿದ ಆ ಮಾತುಗಳು ಅವನನ್ನು ಜಿನಮಾರ್ಗದ ಕಡೆಗೆ ಸೆಳೆದವು. ಯಾರೂ ಒತ್ತಾಯ ಮಾಡಿದ್ದಲ್ಲ.

ಏಳನೆಯ ವಯಸ್ಸಿನಲ್ಲಿ ಒಂದು ಸಾವು ನಡೆಯಿತು. ಅಮೀಚಂದ ಎಂಬ, ಆ ಹುಡುಗನನ್ನು ಬಹಳ ಪ್ರೀತಿಸುತ್ತಿದ್ದ ನೆರೆಯ ಗೃಹಸ್ಥ ಹಾವು ಕಚ್ಚಿ ತೀರಿಕೊಂಡ. ಗಟ್ಟಿಮುಟ್ಟಾದ ಆಳು. ಸಾವೆಂದರೇನೆಂದು ಕೇಳಿದ ಮೊಮ್ಮಗನಿಗೆ ಅಜ್ಜ ಸರಿಯಾಗಿ ಉತ್ತರಿಸದೆ ಮರೆಸಲು ನೋಡಿದರು. ಹುಡುಗ ಕಣ್ಣುತಪ್ಪಿಸಿ ಕೆರೆಯ ಬಳಿಗೆ ಹೋಗಿ, ಜಾಲಿಮರವನ್ನೇರಿ, ಚಿತೆ ಉರಿಯುವುದನ್ನು ನೋಡಿದ. ಅಷ್ಟು ಒಳ್ಳೆಯ ಮನುಷ್ಯನನ್ನು ಜನ ಸುಡುತ್ತಿರುವುದೇಕೆ ಎಂಬ ಕಳವಳದಲ್ಲಿ ಅವನಿಗೆ ಜಾತಿಸ್ಮರಣ, ಎಂದರೆ ಹಿಂದಿನ ಜನ್ಮಗಳ ನೆನಪು ತೆರೆದುಕೊಂಡಿತೆಂದು ಅವರ ಅನುಯಾಯಿಗಳು ನಂಬುತ್ತಾರೆ. ಆ ಹಾವಿನ ಮಾತು ಇಪ್ಪತ್ತು ವರ್ಷಗಳ ಬಳಿಕ ಅವರ ಬಳಿಗೆ ಮತ್ತೊಂದು ರೂಪದಲ್ಲಿ ಬರಲಿತ್ತು.

ಶಾಲೆಗೆ ಸೇರಿದ್ದು ಆ ವಯಸ್ಸಿನಲ್ಲೇ. ಏಳು ತರಗತಿಗಳ ವ್ಯಾಸಂಗವನ್ನು ಹುಡುಗ ಎರಡು ವರ್ಷಗಳಲ್ಲಿ ಮುಗಿಸಿದ. ಪಾಠವನ್ನು ಒಮ್ಮೆ ಓದಿದರೆ ಸಾಕು, ಮತ್ತೆ ಓದುವ ಅಗತ್ಯವಿರಲಿಲ್ಲ. ಎಂಟನೆಯ ವಯಸ್ಸಿಗೇ ಪದ್ಯರಚನೆ ಕೈವಶವಾಗಿತ್ತು. ಅಕ್ಷರವೂ ದುಂಡಗೆ, ಕಚ್ಛದ ದರಬಾರಿನವರು ಬರವಣಿಗೆಗಾಗಿ ಅವನನ್ನು ಕರೆಸಿಕೊಳ್ಳುತ್ತಿದ್ದುದುಂಟು. ಹದಿಮೂರರ ಹೊತ್ತಿಗೆ ಅವನು ತಂದೆಯ ಅಂಗಡಿಯ ಗಲ್ಲೆಯಲ್ಲಿ ಕುಳಿತ. ತನ್ನ ಎಳವೆಯ ಬಗ್ಗೆ ರಾಯಚಂದರು ಇಪ್ಪತ್ತೆರಡರ ಪ್ರಾಯದಲ್ಲಿ ಒಂದು ಚಿಕ್ಕ ಆತ್ಮನಿವೇದನೆಯನ್ನು ಬರೆದಿದ್ದಾರೆ. ಅದರಲ್ಲಿ ಆ ಅಂಗಡಿಯ ದಿನಗಳನ್ನು ನೆನೆಯುತ್ತ ಅವರು ಒತ್ತಿ ಹೇಳುವುದು ಒಂದು ಸಂಗತಿಯನ್ನು: ತಾನು ಯಾರಿಗೂ ಬೆಲೆಯಲ್ಲಿ ಏರುಪೇರು ಮಾಡಲಿಲ್ಲ, ಯಾರಿಗೂ ತೂಕದಲ್ಲಿ ಕಡಮೆ ಕೊಡಲಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೂ ಒಂದು. ಕೊಳ್ಳುವಾಗ ಒಂದು ತೂಕ, ಕೊಡುವಾಗ ಇನ್ನೊಂದು ತೂಕ. ತಕ್ಕಡಿಯ ಮೋಸವನ್ನು ಎಲ್ಲರೂ ಪಾಪವೆನ್ನುತ್ತಾರೆ. ತಕ್ಕಡಿ ಸರಿಯಾಗಿದ್ದು ಬುದ್ಧಿಯೊಂದೇ ಅಸಮವಾಗಿದ್ದಾಗ ಏನು ಮಾಡಬೇಕು ಎಂಬ ಕಷ್ಟದ ಪ್ರಶ್ನೆ ಅವರಿಗೆ ಮುಂಬಯಿಯಲ್ಲಿ ಎದುರಾಯಿತು.

ಅದಕ್ಕೆ ಮುಂಚೆ ಅವಧಾನದ ಪ್ರಸಂಗ ಬರಬೇಕು. ಅವಧಾನವು ಕನ್ನಡಿಗರಿಗೂ ಪರಿಚಿತವಾದ ಕಲೆ. ಸುತ್ತ ಕುಳಿತ ಪೃಚ್ಛಕರು ಒಬ್ಬರಾದ ಮೇಲೊಬ್ಬರು ಸಮಸ್ಯೆಗಳನ್ನು ಒಡ್ಡುತ್ತಾರೆ, ಏಕಾಗ್ರತೆಯನ್ನು ಕೆಡಿಸಲು ನೋಡುತ್ತಾರೆ. ಅವಧಾನಿ ಎಲ್ಲವನ್ನೂ ನೆನಪಿನಲ್ಲಿ ಹಿಡಿದಿಟ್ಟು ಕೊನೆಗೆ ತಪ್ಪಿಲ್ಲದೆ ಒಪ್ಪಿಸುತ್ತಾನೆ. ರಾಯಚಂದರು ಹದಿನಾರರ ಆಸುಪಾಸಿನಲ್ಲಿ ಮೋರ್ಬಿಯಲ್ಲಿದ್ದಾಗ, ಶಂಕರಲಾಲ ಶಾಸ್ತ್ರಿಗಳ ಅಷ್ಟಾವಧಾನವನ್ನು ನೋಡಿದರು. ಮರುದಿನವೇ ಗೆಳೆಯರ ನಡುವೆ ಕುಳಿತು ಹನ್ನೆರಡು ಅವಧಾನಗಳನ್ನು ಮಾಡಿ ತೋರಿಸಿದರು. ಎಂಟಕ್ಕೆ ಹನ್ನೆರಡು! ಹದಿಹರೆಯದ ಹುಡುಗನಿಗೆ ಸಹಜವಾದ ಮೇಲಾಟ ಅದರಲ್ಲಿ ಇರಲಿಲ್ಲವೆಂದು ವಾದಿಸುವ ಅಗತ್ಯವಿಲ್ಲ. ಸಂಖ್ಯೆ ಹದಿನಾರಕ್ಕೆ ಏರಿತು, ಬೋಟಾದಿನಲ್ಲಿ ಐವತ್ತೆರಡಕ್ಕೆ. ಆ ಐವತ್ತೆರಡರ ವಿವರವನ್ನು ಓದಿದರೆ ಈಗಲೂ ಬೆರಗಾಗುತ್ತದೆ. ಮೂವರೊಡನೆ ಪಗಡೆ, ಮೂವರೊಡನೆ ಇಸ್ಪೀಟು, ಒಬ್ಬನೊಡನೆ ಚದುರಂಗ. ನಡುನಡುವೆ ಬಾರಿಸುವ ಜಾಗಟೆಯ ಏಟುಗಳ ಎಣಿಕೆ. ಮನಸ್ಸಿನಲ್ಲೇ ಗುಣಾಕಾರ, ಭಾಗಾಕಾರ. ಕೇಳಿದ ವಿಷಯಕ್ಕೆ ಕೇಳಿದ ಛಂದಸ್ಸಿನಲ್ಲಿ ಪದ್ಯ. ಇವೆಲ್ಲದರ ಜೊತೆಗೆ ಹದಿನಾರು ಭಾಷೆಗಳ ನಾನೂರು ಪದಗಳನ್ನು ಕ್ರಮಗೆಡಿಸಿ ಹೇಳಿದರೆ ಮತ್ತೆ ಜೋಡಿಸಿ ಒಪ್ಪಿಸುವುದು. ಆ ಭಾಷೆಗಳಲ್ಲಿ ಹೆಚ್ಚಿನವು ಅವರಿಗೆ ಬಾರದವು.

1887ರ ಜನವರಿಯಲ್ಲಿ ಮುಂಬಯಿಯ ಫ್ರಾಮಜಿ ಕಾವಸಜಿ ಇನ್‌ಸ್ಟಿಟ್ಯೂಟಿನಲ್ಲಿ ಶತಾವಧಾನ ನಡೆಯಿತು. ಸಂಸ್ಕೃತ ವಿದ್ವಾಂಸ ಡಾಕ್ಟರ್ ಪೀಟರ್ಸನ್ ಅವರು ಸಭೆಯ ಅಧ್ಯಕ್ಷರು. ಅವಧಾನಿಗೆ ಆಗ ಹತ್ತೊಂಬತ್ತು ವರ್ಷ. ಚಿನ್ನದ ಪದಕವೂ ಸಾಕ್ಷಾತ್ ಸರಸ್ವತಿ ಎಂಬ ಬಿರುದೂ ಬಂದವು, ಪತ್ರಿಕೆಗಳು ಬರೆದವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕಗಳನ್ನು ಕೈಯಿಂದ ಮುಟ್ಟಿಯೇ ಇಂಥದೆಂದು ಗುರುತಿಸುತ್ತಿದ್ದರೆಂದೂ ಹೇಳುತ್ತಾರೆ. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ಚಾರ್ಲ್ಸ್ ಸಾರ್ಜೆಂಟ್ ಅವರು ಯುರೋಪಿಗೆ ಹೋಗಿ ಈ ಶಕ್ತಿಯನ್ನು ಪ್ರದರ್ಶಿಸುವಂತೆ ಸಲಹೆ ಮಾಡಿದರು. ಅಲ್ಲಿ ಜೈನ ಆಚಾರಕ್ಕೆ ತಕ್ಕಂತೆ ಬದುಕಲಾಗದೆಂದು ರಾಯಚಂದರು ಒಪ್ಪಲಿಲ್ಲ. ಇದು ಅಷ್ಟು ಆಶ್ಚರ್ಯದ ವಿಷಯವಲ್ಲ. ಆ ಕಾಲದ ಎಷ್ಟೋ ಧರ್ಮಭೀರುಗಳು ಸಮುದ್ರಯಾನವನ್ನೇ ಒಲ್ಲೆನೆಂದಿದ್ದಾರೆ. ಆಶ್ಚರ್ಯದ ವಿಷಯ ಆಮೇಲೆ ನಡೆಯಿತು. ಇಪ್ಪತ್ತರ ಸುಮಾರಿಗೆ ಅವರು ಸಾರ್ವಜನಿಕ ಅವಧಾನವನ್ನೇ ನಿಲ್ಲಿಸಿಬಿಟ್ಟರು. ಕರಗತವಾಗಿದ್ದ ಜ್ಯೋತಿಷ್ಯವನ್ನೂ ಕೈಬಿಟ್ಟರು. ಯಾರೂ ಅವರನ್ನು ಸೋಲಿಸಿರಲಿಲ್ಲ, ನೆನಪು ಕುಂದಿರಲಿಲ್ಲ, ಕೀರ್ತಿ ಏರುತ್ತಲೇ ಇತ್ತು.

ಏಕೆ ಬಿಟ್ಟರೆಂಬುದನ್ನು ತಿಳಿಯಲು ಜೈನಶಾಸ್ತ್ರವು ಬುದ್ಧಿಯನ್ನು ಯಾವ ಸಾಲಿನಲ್ಲಿ ಕೂಡಿಸಿದೆ ಎಂಬುದನ್ನು ನೋಡಬೇಕು. ಜ್ಞಾನಾವರಣೀಯ ಕರ್ಮದ ಕ್ಷಯೋಪಶಮದಿಂದ ಒಬ್ಬನಿಗೆ ಮತಿ ಚುರುಕಾಗುತ್ತದೆ. ವೀರ್ಯಾಂತರಾಯ ಕರ್ಮದ ಕ್ಷಯೋಪಶಮದಿಂದ ಇನ್ನೊಬ್ಬನ ಸಾಮರ್ಥ್ಯ ಹೆಚ್ಚುತ್ತದೆ. ಒಂದು ಮೇಲಿನದು, ಇನ್ನೊಂದು ಕೀಳು ಎಂಬ ಭೇದ ಅಲ್ಲಿಲ್ಲ. ಎರಡೂ ಮೋಡ ತುಸು ಸರಿದಾಗ ಬಿದ್ದ ಬಿಸಿಲು. ಜೀವವನ್ನು ಗುರುತಿಸುವ ಹತ್ತು ಪ್ರಾಣಗಳನ್ನು ಎಣಿಸುವಾಗಲೂ ಮನೋಬಲ, ವಚನಬಲ, ಕಾಯಬಲಗಳನ್ನು ಒಟ್ಟಿಗೇ ಹೇಳಿದೆ. ಮನಸ್ಸಿಗೂ ಮಾತಿಗೂ ಬಲವೆಂಬ ಹೆಸರನ್ನೇ ಕೊಟ್ಟಿರುವುದು ಗಮನಿಸತಕ್ಕದ್ದು. ಇನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಷ್ಟಮದಗಳನ್ನು ಹೇಳುತ್ತಾರೆ. ಅದರಲ್ಲಿ ಬಲಮದ ಬರುವುದು ಐದನೆಯದಾಗಿ. ಮೊಟ್ಟಮೊದಲು ಬರುವುದು ಜ್ಞಾನಮದ. ಜಟ್ಟಿಯ ಗರ್ವ ಅವನ ನಡಿಗೆಯಲ್ಲೇ ಕಾಣುತ್ತದೆ. ಮುಪ್ಪು ಬಂದಾಗ ತಾನಾಗಿ ಇಳಿಯುತ್ತದೆ. ಜಾಣನ ಗರ್ವ ವಿನಯದ ವೇಷದಲ್ಲೂ ಇರಬಲ್ಲುದು, ಮುಪ್ಪಿನಲ್ಲಿ ಇನ್ನೂ ಬೆಳೆಯಬಲ್ಲುದು.

ನೂರು ವಿಷಯಗಳ ಮೇಲೆ ಗಮನ ಹರಿಸಬಲ್ಲವನಿಗೆ ಒಂದರ ಮೇಲೆ, ತನ್ನ ಆತ್ಮದ ಮೇಲೆ, ಗಮನ ನಿಲ್ಲಿಸುವುದಕ್ಕೆ ಆ ನೂರು ಅಡ್ಡಿಯಾಗುತ್ತವೆ. ಅವಧಾನವು ಆತ್ಮಸಾಧನೆಗೆ ಸಹಾಯಕವಲ್ಲವೆಂದು ಕಂಡದ್ದರಿಂದಲೇ ಅವರು ಅದನ್ನು ತೊರೆದದ್ದು ಎಂದು ಅವರ ಚರಿತ್ರಕಾರರು ಒಮ್ಮತದಿಂದ ಹೇಳುತ್ತಾರೆ. ಅಂಥ ಪ್ರತಿಭೆಯನ್ನು ಬಿಟ್ಟುಕೊಟ್ಟದ್ದು ನಷ್ಟವಲ್ಲವೇ ಎಂದು ಕೆಲವರು ಹಲುಬುವುದುಂಟು. ಹಾಗೆ ಹಲುಬುವವರು ಬಾಹುಬಲಿ ರಾಜ್ಯವಾಳದೆ ಹೋದದ್ದು ನಷ್ಟವೆಂದೂ ಹೇಳಬೇಕಾಗುತ್ತದೆ. ಅಂದಹಾಗೆ, ಹದಿನಾರು ವರ್ಷ ಐದು ತಿಂಗಳ ವಯಸ್ಸಿನಲ್ಲಿ, ಮೂರೇ ದಿನಗಳಲ್ಲಿ, ರಾಯಚಂದರು ಬರೆದ ಮೋಕ್ಷಮಾಲಾ ಎಂಬ ನೂರೆಂಟು ಪಾಠಗಳ ಗ್ರಂಥದಲ್ಲಿ ಬಾಹುಬಲಿಯ ಮೇಲೊಂದು ಪಾಠವಿದೆ. ಎತ್ತಿದ ಮುಷ್ಟಿ ತಡೆದ ಕಥೆ, ಅದಾದ ಮೇಲೂ ಮುನಿಯ ಮನಸ್ಸಿನಲ್ಲಿ ಅಂಟಿಕೊಂಡಿದ್ದ ಮಾನಕಷಾಯದ ಕಥೆ ಎರಡೂ ಅಲ್ಲಿವೆ. ಬರೆದ ಹುಡುಗ ಅದೇ ದಿನಗಳಲ್ಲಿ ಅವಧಾನದ ಎಣಿಕೆಯನ್ನು ಏರಿಸುವುದರಲ್ಲಿದ್ದ ಎಂಬುದನ್ನು ನೆನೆದರೆ, ಆ ಪಾಠ ಬೇರೆಯೇ ರೀತಿ ಓದಿಸಿಕೊಳ್ಳುತ್ತದೆ.

ಇಲ್ಲಿ ಶ್ರವಣಬೆಳಗೊಳವನ್ನು ಬಲ್ಲ ಓದುಗರು ಒಂದು ಆಕ್ಷೇಪ ತೆಗೆಯಬಹುದು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿಯೆಂಬ 12ನೆಯ ಶತಮಾನದ ಶಾಸನ, ಸಮಂತಭದ್ರರೂ ಅಕಲಂಕರೂ ರಾಜಸಭೆಗಳಲ್ಲಿ ವಾದ ಮಾಡಿ ಗೆದ್ದುದನ್ನು ಎದೆಯುಬ್ಬಿಸಿ ಹೇಳುತ್ತದೆ. ಆಚಾರ್ಯರು ಬುದ್ಧಿಬಲದಿಂದ ಸ್ಪರ್ಧಿಸಲಿಲ್ಲವೇ? ಸ್ಪರ್ಧಿಸಿದರು, ನಿಜ. ಆದರೆ ಮಾತಿನಿಂದ ಕೇಳಿದ ಮತವನ್ನು ಮಾತಿನಿಂದಲೇ ಕಾಯಬೇಕಾಗಿದ್ದ ಕಾಲ ಅದು. ಅವರು ತಮ್ಮ ಮನೆಗೆ ಏನನ್ನೂ ಹೊತ್ತುಕೊಂಡು ಹೋಗಲಿಲ್ಲ. ಅವರಿಗೆ ಮನೆಯೇ ಇರಲಿಲ್ಲ. ಎದುರಾಳಿಯೂ ಅದೇ ವಿದ್ಯೆಯಲ್ಲಿ ಪಳಗಿದವನಾಗಿದ್ದು, ಗೆದ್ದದ್ದರಿಂದ ತನಗೇನೂ ಬೇಡವೆನ್ನುವವನು ವಾದಿಸುವುದು ಬೇರೆ. ಎದುರಿಗಿರುವವನ ಬುದ್ಧಿ ತನ್ನಷ್ಟು ಓಡದೆಂದು ತಿಳಿದೇ, ಅವನ ಗಂಟಿಗೆ ಕೈಹಾಕುವುದು ಬೇರೆ.

ರಾಯಚಂದರಿಗೆ ಪೇಟೆಯಲ್ಲಿ ಎದುರಾದದ್ದು ಈ ಎರಡನೆಯದು. 1888ರಲ್ಲಿ ಅವರ ವಿವಾಹವಾಯಿತು; ಪತ್ನಿ ಝಬಕಬಾಯಿ, ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ಅಣ್ಣನ ಮಗಳು. ಅನಂತರ ಮುಂಬಯಿಯಲ್ಲಿ ರೇವಾಶಂಕರ ಜಗಜೀವನರ ಪಾಲುದಾರಿಕೆಯಲ್ಲಿ ಮುತ್ತು, ವಜ್ರಗಳ ವ್ಯಾಪಾರ ಆರಂಭಿಸಿದರು. ಲಕ್ಷಗಟ್ಟಲೆಯ ವಹಿವಾಟು. ಆ ಪೇಢಿಯ ಗಾದಿಯ ಮೇಲೆ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿ ಒಂದು ಧರ್ಮಗ್ರಂಥ, ಒಂದು ಟಿಪ್ಪಣಿ ಪುಸ್ತಕ ಸದಾ ಇರುತ್ತಿದ್ದುದನ್ನು ಗಾಂಧೀಜಿ ಕಂಡು ಬರೆದಿದ್ದಾರೆ. ವ್ಯಾಪಾರದ ಮಾತು ಮುಗಿದ ಕೂಡಲೇ ಆ ಪುಸ್ತಕ ತೆರೆಯುತ್ತಿತ್ತು.

ರತ್ನದ ವ್ಯಾಪಾರವು ಬುದ್ಧಿಯ ಕುಸ್ತಿಯ ಅಖಾಡ. ಕಲ್ಲಿನ ಗುಣವನ್ನು ಒಂದೇ ನೋಟಕ್ಕೆ ಅಳೆಯಬೇಕು, ಬಡ್ಡಿಯನ್ನು ಬಾಯಲ್ಲೇ ಕಟ್ಟಬೇಕು, ದಲ್ಲಾಳಿಯ ಮುಖದಿಂದಲೇ ಪೇಟೆಯ ಒಲವನ್ನು ಓದಬೇಕು, ಹೋದ ವರ್ಷ ಯಾರು ಯಾವ ದರಕ್ಕೆ ಏನು ಕೊಂಡರೆಂಬುದು ನಾಲಗೆಯ ತುದಿಯಲ್ಲಿರಬೇಕು. ಶತಾವಧಾನಿಯೊಬ್ಬ ಅಲ್ಲಿ ಕುಳಿತರೆ ಎದುರಿಗೆ ಕುಳಿತವನ ಗತಿಯೇನು? ಎಳೆಯ ಹುಡುಗನೆದುರು ಜಟ್ಟಿ ತೊಡೆತಟ್ಟಿದಂತೆಯೇ ಸರಿ. ಸುಳ್ಳು ಹೇಳಬೇಕಿಲ್ಲ, ತೂಕ ತಪ್ಪಿಸಬೇಕಿಲ್ಲ, ಕಾನೂನು ಮೀರಬೇಕಿಲ್ಲ. ಸುಮ್ಮನೆ ತನ್ನ ಬುದ್ಧಿಗೆ ಪೂರ್ತಿ ಲಗಾಮು ಬಿಟ್ಟರೆ ಸಾಕು.

ಆ ದಿನಗಳ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಮುಂಬಯಿಯಲ್ಲಿ ಮುತ್ತಿನ ವ್ಯಾಪಾರ ಮಾಡುತ್ತಿದ್ದ ಅರಬ್ ಸೋದರರಿದ್ದರು. ತಾನೂ ಅಣ್ಣನಂತೆ ಒಂದು ದೊಡ್ಡ ವ್ಯಾಪಾರ ಮಾಡಬೇಕೆಂಬ ಹುಮ್ಮಸ್ಸಿನಿಂದ ತಮ್ಮನು ದಲ್ಲಾಳಿಯ ಮೂಲಕ ರಾಯಚಂದರಲ್ಲಿಗೆ ಮುತ್ತು ತಂದ. ಪರೀಕ್ಷೆಯಾಯಿತು, ದರ ನಿಶ್ಚಯವಾಯಿತು, ಹಣವೂ ಕೈಸೇರಿತು. ಮನೆಗೆ ಹೋದಾಗ ಅಣ್ಣ ಸಿಡಿದೆದ್ದ. ಇಂತಿಷ್ಟಕ್ಕಿಂತ ಕಡಮೆಗೆ ಮಾರಕೂಡದೆಂಬ ಪತ್ರ ಆ ಸರಕಿನ ಮೇಲಿತ್ತು. ತಮ್ಮ ಗಾಬರಿಯಿಂದ ಮರಳಿ ಬಂದು ತನ್ನ ಸ್ಥಿತಿಯನ್ನು ಹೇಳಿಕೊಂಡ. ರಾಯಚಂದರು ಮುತ್ತಿನ ಗಂಟನ್ನು ಮುಟ್ಟದೆ ಹಾಗೆಯೇ ಇಟ್ಟಿದ್ದರು. ಅದನ್ನು ಅವನ ಕೈಗಿತ್ತು, ತಾವು ಕೊಟ್ಟಿದ್ದ ಹಣವನ್ನಷ್ಟೇ ಹಿಂದಕ್ಕೆ ತೆಗೆದುಕೊಂಡರು. ಆ ಸರಕಿನಲ್ಲಿ ಒಳ್ಳೆಯ ಲಾಭ ಕಾದಿತ್ತು, ವ್ಯವಹಾರವೂ ನ್ಯಾಯವಾಗಿಯೇ ಮುಗಿದಿತ್ತು. ಅಂದಿನಿಂದ ಆ ಅರಬ್ ವ್ಯಾಪಾರಿ ಅವರನ್ನು ದೇವರ ಸಮಾನರೆಂದು ಭಾವಿಸಿದನಂತೆ.

ಎರಡನೆಯದು ಇನ್ನೂ ಕಠಿಣವಾದ ಪರೀಕ್ಷೆ. ಒಬ್ಬ ವ್ಯಾಪಾರಿ ಇಂತಿಂಥ ವಜ್ರಗಳನ್ನು ಗೊತ್ತಾದ ದರದಲ್ಲಿ ಇಂಥ ದಿನದೊಳಗೆ ಕೊಡುವುದಾಗಿ ಕರಾರುಪತ್ರ ಬರೆದುಕೊಟ್ಟಿದ್ದ. ಗಡುವು ಸಮೀಪಿಸಿದಾಗ ವಜ್ರದ ಬೆಲೆ ಏರತೊಡಗಿತು. ಕರಾರನ್ನು ನಡೆಸಿಕೊಟ್ಟರೆ ಅವನು ಮನೆಮಠ ಮಾರಿಕೊಳ್ಳಬೇಕು. ಸುದ್ದಿ ತಿಳಿದ ರಾಯಚಂದರು ತಾವೇ ಅವನ ಅಂಗಡಿಗೆ ಹೋದರು. ವಸೂಲಿಗೆ ಬಂದರೆಂದು ಹೆದರಿದ ಆತ ಹೇಗಾದರೂ ತೀರಿಸುವೆನೆಂದು ಗೋಗರೆದ. ಅವನ ಚಿಂತೆಗೂ ತಮ್ಮ ಚಿಂತೆಗೂ ಆ ಕಾಗದವೊಂದೇ ಮೂಲವೆಂದು ಹೇಳಿ ರಾಯಚಂದರು ಅದನ್ನು ಅವನೆದುರೇ ಹರಿದುಹಾಕಿದರು. ತಮಗೆ ಹಾಲು ಕುಡಿಯುವುದು ಗೊತ್ತೇ ಹೊರತು ರಕ್ತ ಕುಡಿಯುವುದು ಗೊತ್ತಿಲ್ಲವೆಂಬ ಅರ್ಥದ ಮಾತನ್ನು ಅವರು ಆಡಿದರೆಂದು ಪ್ರತೀತಿ.

ಈ ಕಥೆಯನ್ನು ಬರೀ ಔದಾರ್ಯದ ಕಥೆಯೆಂದು ಹೇಳಿ ಮುಗಿಸುವವರೇ ಹೆಚ್ಚು. ಔದಾರ್ಯವೆಂದರೆ ತನ್ನದನ್ನು ಕೊಡುವುದು. ಆ ಹಣ ತನ್ನದೆಂದು ರಾಯಚಂದರು ಎಣಿಸಲೇ ಇಲ್ಲ. ಪ್ರಮತ್ತಯೋಗದಿಂದ, ಅಂದರೆ ಕಷಾಯಕ್ಕೆ ಒಳಗಾಗಿ ಪ್ರಾಣಗಳನ್ನು ನೋಯಿಸುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಸಂಪತ್ತು ಮನುಷ್ಯರ ಹೊರಗಿನ ಪ್ರಾಣವೆಂದೂ ಅದನ್ನು ಕಸಿದವನು ಪ್ರಾಣವನ್ನೇ ಕಸಿದಂತೆಂದೂ ಹೇಳಿದ್ದಾರೆ. ಕಸಿಯುವ ಕೈಯಲ್ಲಿ ಕತ್ತಿಯಿದೆಯೋ ಕರಾರುಪತ್ರವಿದೆಯೋ ಎಂಬ ವಿಚಾರಣೆ ಆ ಮಾತಿನಲ್ಲಿಲ್ಲ.

ಹಾಗೆಂದು ಅವರು ವ್ಯಾಪಾರವನ್ನೇ ಬಿಟ್ಟು ಓಡಲಿಲ್ಲ ಎಂಬುದನ್ನು ಮರೆಯಬಾರದು. ಹತ್ತು ವರ್ಷಗಳ ಕಾಲ ಅವರು ವಹಿವಾಟು ನಡೆಸಿದರು, ಲಾಭ ಮಾಡಿದರು, ಪಾಲುದಾರರನ್ನು ಮುಳುಗಿಸಲಿಲ್ಲ. ಜವೇರಿ ಪೇಟೆಯಲ್ಲಿ ಅವರ ನೋಟಕ್ಕೆ ಬೆಲೆಯಿತ್ತು. ಬುದ್ಧಿಯನ್ನು ಬಳಸಲೇಬಾರದೆಂದರೆ ಗೃಹಸ್ಥಧರ್ಮ ನಡೆಯುವುದಾದರೂ ಹೇಗೆ? ಕಲ್ಲನ್ನು ಅಳೆಯಲು, ಲೆಕ್ಕವನ್ನು ಕಟ್ಟಲು, ಮೋಸವನ್ನು ತಡೆಯಲು ಬುದ್ಧಿ ಬೇಕು. ಎದುರಿನವನ ಉಸಿರಿಗೆ ಸಂಚಕಾರ ಬರುವ ಗಳಿಗೆಯಲ್ಲಿ ಮಾತ್ರ ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು. ಆ ಗಳಿಗೆ ಯಾವುದೆಂದು ಗುರುತಿಸುವುದಕ್ಕೂ ಬುದ್ಧಿಯೇ ಬೇಕಾಗುತ್ತದೆ ಎಂಬುದು ಈ ವಿಷಯದ ಕಷ್ಟವೂ ಹೌದು, ಚೆಲುವೂ ಹೌದು.

1891ರ ಜುಲೈ ತಿಂಗಳಲ್ಲಿ ಗಾಂಧೀಜಿ ಇಂಗ್ಲೆಂಡಿನಿಂದ ಬ್ಯಾರಿಸ್ಟರಾಗಿ ಮರಳಿದರು. ಮುಂಬಯಿಯಲ್ಲಿ ಇಳಿದ ದಿನವೇ ಡಾಕ್ಟರ್ ಮೆಹತಾ ಅವರ ಮನೆಯಲ್ಲಿ ರಾಯಚಂದಭಾಯಿಯ ಪರಿಚಯವಾಯಿತು. ಹೊಸ ಬ್ಯಾರಿಸ್ಟರರಿಗೆ ಪರೀಕ್ಷಿಸುವ ಆಸೆ. ತಮಗೆ ಗೊತ್ತಿದ್ದ ಯುರೋಪಿನ ಭಾಷೆಗಳ ಪದಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ಓದಿದರು. ರಾಯಚಂದರು ಬರೆದ ಕ್ರಮದಲ್ಲೇ ಅವನ್ನು ಒಪ್ಪಿಸಿದರು. ಮನೆಮಂದಿಯ ಒತ್ತಾಯಕ್ಕೆ ಅಷ್ಟನ್ನು ಅವರು ಮಾಡಿರಬೇಕು. ಗಾಂಧೀಜಿಗೆ ಆ ನೆನಪಿನ ಶಕ್ತಿಯ ಮೇಲೆ ಅಸೂಯೆಯೇ ಆಯಿತಂತೆ. ಆದರೆ ತಮ್ಮನ್ನು ಹಿಡಿದಿಟ್ಟದ್ದು ಅದಲ್ಲವೆಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಶಾಸ್ತ್ರಜ್ಞಾನ, ಕಳಂಕವಿಲ್ಲದ ನಡತೆ, ಆತ್ಮದರ್ಶನಕ್ಕಾಗಿ ಇದ್ದ ಹಂಬಲ, ಇವುಗಳ ಆಕರ್ಷಣೆ ಅವರಿಗೆ ಆಮೇಲೆ ಅರಿವಾಯಿತು. ತಮ್ಮ ಬಾಳಿನ ಮೇಲೆ ಆಳವಾದ ಮುದ್ರೆಯೊತ್ತಿದ ಆಧುನಿಕರು ಮೂವರೆಂದು ಗಾಂಧೀಜಿ ಹೇಳಿಕೊಂಡಿದ್ದಾರೆ: ಟಾಲ್‌ಸ್ಟಾಯ್ ಮತ್ತು ರಸ್ಕಿನ್ ತಮ್ಮ ಪುಸ್ತಕಗಳಿಂದ, ರಾಯಚಂದಭಾಯಿ ತಮ್ಮ ಜೀವಂತ ಸಂಪರ್ಕದಿಂದ.

ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದಾಗ, ಕ್ರೈಸ್ತ ಮತ್ತು ಮುಸ್ಲಿಂ ಸ್ನೇಹಿತರ ವಾದಗಳ ನಡುವೆ ಗಾಂಧೀಜಿಯ ಮನಸ್ಸು ಹೊಯ್ದಾಡಿತು. 1894ರಲ್ಲಿ ಅವರು ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳಿಸಿದರು. ಇತರ ಮತಗಳನ್ನು ತರ್ಕದಿಂದ ಕೆಡವಿಹಾಕಲು ಅದಕ್ಕಿಂತ ಒಳ್ಳೆಯ ಅವಕಾಶ ಯಾವ ಪಂಡಿತನಿಗೂ ಸಿಗಲಾರದು. ರಾಯಚಂದರು ಒಂದೊಂದಕ್ಕೂ ಸಮಾಧಾನದಿಂದ ಉತ್ತರಿಸಿದರು. ವಿಚಾರ ಮಾಡಲು ಹೇಳಿದರು, ಓದಲು ಪುಸ್ತಕಗಳನ್ನು ಸೂಚಿಸಿದರು. ಕೊನೆಯ ಪ್ರಶ್ನೆ ಹಾವಿನದು. ಹಾವು ಕಚ್ಚಲು ಬಂದಾಗ, ಅದನ್ನು ಓಡಿಸುವ ಶಕ್ತಿಯೂ ತನಗಿಲ್ಲವಾದರೆ, ಕಚ್ಚಲು ಬಿಡಬೇಕೋ ಕೊಲ್ಲಬೇಕೋ?

ಕಚ್ಚಲು ಬಿಡು ಎಂದು ಇನ್ನೊಬ್ಬನಿಗೆ ಹೇಳುವುದಕ್ಕೇ ಅವರು ಹಿಂಜರಿದರು. ಆದರೂ, ದೇಹ ಅನಿತ್ಯವೆಂದು ತಿಳಿದವನು ಆ ನಶ್ವರ ದೇಹವನ್ನು ಉಳಿಸಿಕೊಳ್ಳಲು, ತನ್ನ ದೇಹವನ್ನೇ ಸರ್ವಸ್ವವೆಂದು ಪ್ರೀತಿಸುವ ಒಂದು ಜೀವವನ್ನು ಕೊಲ್ಲುವುದು ಹೇಗೆ ಸರಿಯಾದೀತು ಎಂದು ತಿಳಿಸಿದರು. ಅಂಥ ತಿಳಿವಿಲ್ಲದವನಿಗೆ ಏನು ಹೇಳಬೇಕೆಂಬುದನ್ನೂ ಅವರು ಯೋಚಿಸಿದ್ದರು. ಆದರೆ ಕೊಲ್ಲೆಂಬ ಉಪದೇಶ ಮಾತ್ರ ತಮ್ಮಿಂದ ಬರಲಾರದೆಂಬುದು ಅವರ ನಿಲುವು. ಏಳನೆಯ ವಯಸ್ಸಿನಲ್ಲಿ ಜಾಲಿಮರದ ಮೇಲೆ ಕುಳಿತು, ಹಾವು ಕಚ್ಚಿದ ಪ್ರೀತಿಯ ಮನುಷ್ಯನ ಚಿತೆಯನ್ನು ನೋಡಿದವರು ಬರೆದ ಉತ್ತರ ಅದು.

ಬುದ್ಧಿ ಸ್ಪರ್ಧೆಯನ್ನು ಬಿಟ್ಟ ಮೇಲೆ ಏನು ಮಾಡಬಲ್ಲುದೆಂಬುದನ್ನು ನೋಡಲು 1896ರ ಆಶ್ವಿನ ಮಾಸದ ಒಂದು ಸಂಜೆಗೆ, ಗುಜರಾತಿನ ನಡಿಯಾದಕ್ಕೆ ಹೋಗಬೇಕು. ಸಾಯಲಾದ ವೃದ್ಧ ಮುಮುಕ್ಷು ಸೌಭಾಗ್ಯಭಾಯಿ, ಆತ್ಮದ ವಿಷಯವನ್ನು ನೆನಪಿಡಲು ಸುಲಭವಾಗುವಂತೆ ಪದ್ಯದಲ್ಲಿ ಹೇಳಬೇಕೆಂದು ಬೇಡಿಕೊಂಡಿದ್ದರು. ಗದ್ಯದ ದೀರ್ಘಪತ್ರವನ್ನು ಬಾಯಿಪಾಠ ಮಾಡಲು ಆ ವಯಸ್ಸಿನವರಿಗೆ ಆಗುತ್ತಿರಲಿಲ್ಲ. ಅಂಬಾಲಾಲ ಎಂಬ ಶಿಷ್ಯ ಲಾಂದ್ರ ಹಿಡಿದು ನಿಂತಿರಲು, ರಾಯಚಂದರು ಸುಮಾರು ಎರಡು ಗಂಟೆಗಳಲ್ಲಿ 142 ಪದ್ಯಗಳ ಆತ್ಮಸಿದ್ಧಿಶಾಸ್ತ್ರವನ್ನು ಬರೆದು ಮುಗಿಸಿದರು. ಒಂದು ಕಾಲಕ್ಕೆ ಸಭೆಯನ್ನು ಬೆರಗುಗೊಳಿಸಿದ್ದ ಶಕ್ತಿ ಅಂದು ನೆನಪು ಕುಂದಿದ ಒಬ್ಬ ಮುದುಕರ ಅನುಕೂಲಕ್ಕಾಗಿ ದುಡಿಯಿತು. ಆ ಕೃತಿಯ ರಚನೆಯೂ ಗಮನಾರ್ಹ. ಅದು ಗುರುಶಿಷ್ಯರ ಸಂವಾದ. ಆತ್ಮವಿದೆ, ಅದು ನಿತ್ಯ, ಅದು ಕರ್ತೃ, ಅದು ಭೋಕ್ತೃ, ಮೋಕ್ಷವಿದೆ, ಮೋಕ್ಷಕ್ಕೆ ಉಪಾಯವಿದೆ ಎಂಬ ಆರು ಪದಗಳಲ್ಲಿ ಒಂದೊಂದನ್ನೂ ಶಿಷ್ಯ ಶಂಕಿಸುತ್ತಾನೆ. ಶಂಕೆಗಳು ದುರ್ಬಲವಾಗಿಲ್ಲ, ಚಾರ್ವಾಕನೂ ಬೌದ್ಧನೂ ಆಡುವಂಥ ಗಟ್ಟಿ ಮಾತುಗಳನ್ನೇ ಅವನ ಬಾಯಲ್ಲಿ ಇಡಲಾಗಿದೆ. ಗುರು ಅವನನ್ನು ಗದರುವುದಿಲ್ಲ, ನಗೆಪಾಟಲು ಮಾಡುವುದಿಲ್ಲ. ಮುಗಿಯುವ ಹೊತ್ತಿಗೆ ಶಿಷ್ಯ ಸೋತಿರುವುದಿಲ್ಲ, ಎಚ್ಚತ್ತಿರುತ್ತಾನೆ. ಹಂಪಿಯ ತುಂಗಭದ್ರಾ ತೀರದಲ್ಲಿ, ರತ್ನಕೂಟದ ಬಂಡೆಗಳ ನಡುವೆ, ಸಹಜಾನಂದಘನರು ಸ್ಥಾಪಿಸಿದ ಶ್ರೀಮದ್ ರಾಜಚಂದ್ರ ಆಶ್ರಮವಿದೆ. ನಡಿಯಾದದ ಆ ಸಂಜೆಯ ಪದ್ಯಗಳು ಕನ್ನಡದ ನೆಲದಲ್ಲೂ ಹೀಗೆ ಕೇಳಿಬರುತ್ತಿವೆ.

ಮೂವತ್ತು ದಾಟಿದ ಮೇಲೆ ಅವರು ವ್ಯವಹಾರದಿಂದ ಹಿಂದೆ ಸರಿಯುತ್ತ ಬಂದರು. ಈಡರದ ಬೆಟ್ಟದಲ್ಲಿ ಏಳು ಮಂದಿ ಮುನಿಗಳೊಡನೆ ಕುಳಿತು ನೇಮಿಚಂದ್ರಾಚಾರ್ಯರ ದ್ರವ್ಯಸಂಗ್ರಹವನ್ನು ವಿವರಿಸಿದರು. ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಆಗಮಗ್ರಂಥಗಳು ಅಚ್ಚಾಗಲೆಂದು ಪರಮಶ್ರುತ ಪ್ರಭಾವಕ ಮಂಡಲವನ್ನು ಹುಟ್ಟುಹಾಕಿದರು. ಅಷ್ಟರಲ್ಲಿ ದೇಹ ಕುಸಿಯತೊಡಗಿತ್ತು. ಅನ್ನ ಮೈಗೆ ಹತ್ತಲಿಲ್ಲ; ಹವೆ ಬದಲಾಯಿಸಲು ಊರಿಂದೂರಿಗೆ ಕರೆದೊಯ್ದರೂ ಪ್ರಯೋಜನವಾಗಲಿಲ್ಲ.

ಆ ಕೊನೆಯ ದಿನಗಳ ಎರಡು ಛಾಯಾಚಿತ್ರಗಳು ಉಳಿದಿವೆ. ಒಂದರಲ್ಲಿ ಅವರು ಪದ್ಮಾಸನದಲ್ಲಿ ಕುಳಿತಿದ್ದಾರೆ. ಇನ್ನೊಂದರಲ್ಲಿ ಕಾಯೋತ್ಸರ್ಗದಲ್ಲಿ ನೇರವಾಗಿ ನಿಂತಿದ್ದಾರೆ, ವಿಂಧ್ಯಗಿರಿಯ ಮೇಲಿರುವ ಬಾಹುಬಲಿಯಂತೆ ಎರಡೂ ತೋಳುಗಳನ್ನು ಇಳಿಬಿಟ್ಟು. ತೋಳೆಂದರೆ ಎಲುಬು, ತೊಗಲು ಅಷ್ಟೇ. ಪಕ್ಕೆಲುಬುಗಳನ್ನು ಎಣಿಸಬಹುದು. ಕಣ್ಣು ಮಾತ್ರ ನಿಶ್ಚಲವಾಗಿದೆ. 1901ರ ಏಪ್ರಿಲ್ 9ರಂದು, ಚೈತ್ರ ಬಹುಳ ಪಂಚಮಿಯ ದಿನ, ರಾಜಕೋಟೆಯಲ್ಲಿ ಅವರು ದೇಹ ಬಿಟ್ಟರು. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವಂತೆ ತಮ್ಮ ಮನಸುಖಭಾಯಿಗೆ ಹೇಳಿ, ತಾವು ಆತ್ಮಸ್ವರೂಪದಲ್ಲಿ ಲೀನವಾಗುವುದಾಗಿ ತಿಳಿಸಿ, ಮೌನವಾದರು. ಆಗ ಅವರಿಗೆ ಮೂವತ್ತಮೂರು ವರ್ಷ, ಐದು ತಿಂಗಳು.